ತಲಕಾಡಿನ ಮರಳು, ವೈಫೈ ಪೆಟ್ಟಿಗೆಯ ದೀಪಗಳು

ಒಂದು ಕಾಲದಲ್ಲಿ ಗಂಗರ ರಾಜಧಾನಿಯಾಗಿದ್ದ, ಕಾವೇರಿ ದಂಡೆಯ ಮರಳಿನಡಿ ಹಲವು ಗುಡಿಗಳನ್ನು ಹುದುಗಿಸಿಕೊಂಡಿದ್ದ ತಲಕಾಡು ಇಂದು ಟಿ. ನರಸೀಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿ ಕೇಂದ್ರವಾಗಿದೆ. ತಾಲ್ಲೂಕು ಕೇಂದ್ರಗಳಿಂದ ಇಂತಹ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನ ರೂಪದಲ್ಲಿ ಮಾಹಿತಿಯನ್ನು ಒಯ್ಯುವ ಗಾಜಿನೆಳೆ, ತಲುಪಿಸುವ ಯೋಜನೆಗೆ 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ತಲಕಾಡಿನಲ್ಲಿ ಪಂಚಲಿಂಗ ದರ್ಶನ ನಡೆದ 2020ರ ಡಿಸೆಂಬರ್‌ನಲ್ಲಿಯೇ, ಸಣ್ಣ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ಒದಗಿಸಬಹುದಾದ ಪಿಎಂ-ವಾಣಿ ಯೋಜನೆಗೂ ಸಂಪುಟದ ಅನುಮೋದನೆ ದೊರೆಯಿತು. ಈ ಯೋಜನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಗೋಡೆಯ ಮೇಲಿನ ಒಂದೆರಡು ಪೆಟ್ಟಿಗೆಗಳಲ್ಲಿ. ಅವುಗಳ ದೀಪಗಳನ್ನು ಓದಬಲ್ಲವರು ಊರಿನಲ್ಲಿಯೇ ಇದ್ದರೆ ಅರ್ಧ ದುರಸ್ತಿ ಅಲ್ಲಿಯೇ ಆಗುತ್ತದೆ.

ಫೈಬರ್ ಬಂದು ಸೇರುವ ಮೊದಲ ಪೆಟ್ಟಿಗೆಯನ್ನು ಓಎನ್‌ಟಿ ಎನ್ನುತ್ತಾರೆ. ಎಕ್ಸ್‌ಚೇಂಜ್‌ನಿಂದ ಇದಕ್ಕೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್, ಹಿಂದಿರುಗುವ ಬೆಳಕಿನದು 1310 ನ್ಯಾನೊಮೀಟರ್. ಎರಡೂ ಮನುಷ್ಯನ ಕಣ್ಣಿಗೆ ಕಾಣದಿರುವುದರಿಂದ, ಗಾಜಿನೆಳೆಯೊಳಗೆ ಏನು ನಡೆದಿದೆ ಎಂಬುದಕ್ಕೆ ಹೊರಗಿನ ಸಾಕ್ಷಿಯೆಂದರೆ ದೀಪಗಳೇ. ಬಿಚ್ಚಿದ ಫೈಬರಿನ ತುದಿಗೆ ಕಣ್ಣಿಟ್ಟು ನೋಡುವುದು ಅಪಾಯಕಾರಿ. ಸಾಮಾನ್ಯವಾಗಿ ‘ಪಾನ್’ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಪೆಟ್ಟಿಗೆಯನ್ನು ಎಕ್ಸ್‌ಚೇಂಜ್ ಗುರುತಿಸಿದೆ ಎಂದೂ, ಮಿನುಗುತ್ತಿದ್ದರೆ ಗುರುತಿಸುವ ಪ್ರಯತ್ನ ಇನ್ನೂ ನಡೆದಿದೆ ಎಂದೂ ಅರ್ಥ. ‘ಲಾಸ್’ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ ಅಥವಾ ತೀರಾ ಕ್ಷೀಣಿಸಿದೆ: ರಸ್ತೆ ಅಗೆಯುವ ಜೆಸಿಬಿ ಕೇಬಲನ್ನು ಕತ್ತರಿಸಿರಬಹುದು, ಇಲ್ಲವೇ ಕಚೇರಿಯೊಳಗಿನ ತೆಳುವಾದ ಫೈಬರ್ ಬೀರುವಿನ ಹಿಂದೆ ಮಡಚಿಕೊಂಡಿರಬಹುದು.

ಎರಡನೆಯದು ಮೊಬೈಲುಗಳಿಗೆ ವೈಫೈ ಸಂಕೇತವನ್ನು ಹರಡುವ ಆಕ್ಸೆಸ್ ಪಾಯಿಂಟ್. ಇದರ ಈಥರ್ನೆಟ್ ಪೋರ್ಟಿಗೆ ಬರುವ ಒಂದೇ ಕೇಬಲ್ ಮಾಹಿತಿಯನ್ನೂ ವಿದ್ಯುತ್ತನ್ನೂ ತರಬಲ್ಲದು. ‘ಪಿಓಇ’ ಎಂದು ಕರೆಯುವ ಈ ವ್ಯವಸ್ಥೆಗೆ 2003ರಲ್ಲಿ ರೂಪುಗೊಂಡ ಮೊದಲ ಮಾನದಂಡದ ಪ್ರಕಾರ ಮೂಲದಿಂದ ಗರಿಷ್ಠ 15.4 ವಾಟ್ ಹರಿಯುತ್ತದೆ. ಮಾನದಂಡಕ್ಕೆ ಒಳಪಟ್ಟ ಉಪಕರಣವು ಮೊದಲು ಅಲ್ಪ ವೋಲ್ಟೇಜ್ ಹಾಯಿಸಿ, ಆಚೆ ತುದಿಯಲ್ಲಿ ತಕ್ಕ ಸಾಧನವಿದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಪೂರ್ಣ ವಿದ್ಯುತ್ ಕೊಡುತ್ತದೆ. ಕೇಬಲಿನ ಉದ್ದ 100 ಮೀಟರ್ ಮೀರಬಾರದೆಂಬ ನಿಯಮವನ್ನು ಊರಿನ ಚಾವಡಿಗೋ ಗ್ರಂಥಾಲಯಕ್ಕೋ ಸಂಪರ್ಕ ಎಳೆಯುವವರು ಮರೆಯುವಂತಿಲ್ಲ.

ತಲಕಾಡಿನಂತಹ ಮರಳುನೆಲದಲ್ಲಿ ಹೊರಗೆ ತೂಗುಹಾಕುವ ಪೆಟ್ಟಿಗೆಯ ‘ಐಪಿ 67’ ಎಂಬ ಅಂಕೆ ಕೇವಲ ಅಲಂಕಾರವಲ್ಲ. 6 ಎಂದರೆ ದೂಳು ಒಳನುಗ್ಗದು, 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಿಲ್ಲ. ಆದರೆ ಪೋರ್ಟಿನ ರಬ್ಬರ್ ಮುಚ್ಚಳವನ್ನು ತೆರೆದು ಹಾಗೆಯೇ ಬಿಟ್ಟರೆ ಈ ರಕ್ಷಣೆ ಉಳಿಯುವುದಿಲ್ಲ. ಪಕ್ಕದ ಸೂಜಿರಂಧ್ರದಂತಹ ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಎಲ್ಲ ಹೊಂದಾಣಿಕೆಗಳೂ ಅಳಿಸಿಹೋಗುವುದರಿಂದ, ಕೈಗೆ ಸಿಕ್ಕಿತೆಂದು ಅದನ್ನು ಒತ್ತಬಾರದು.

ದೀಪಗಳ ಬಣ್ಣಗಳು ಎಲ್ಲ ತಯಾರಕರಲ್ಲಿ ಒಂದೇ ಆಗಿರುವುದಿಲ್ಲವಾದ್ದರಿಂದ, ಆಯಾ ಪೆಟ್ಟಿಗೆಯ ಅರ್ಥಸೂಚಿಯನ್ನು ಕನ್ನಡದಲ್ಲಿ ಅದರ ಪಕ್ಕದಲ್ಲಿಯೇ ಅಂಟಿಸುವುದು ಅಳವಡಿಕೆಯ ಕೆಲಸದ ಭಾಗವೇ ಆಗಬೇಕು. ಹಸಿರು ಲಿಂಕ್ ದೀಪ ಹೇಳುವುದು ಕೇಬಲಿನ ಎರಡೂ ತುದಿಗಳು ಕೂಡಿವೆ ಎಂದಷ್ಟೇ, ಇಂಟರ್ನೆಟ್ ಹರಿಯುತ್ತಿದೆ ಎಂದಲ್ಲ. ಎಲ್ಲ ದೀಪಗಳೂ ಸರಿಯಿದ್ದು ಸಂಪರ್ಕ ಮಾತ್ರ ಇಲ್ಲದಿದ್ದಾಗ, ಯಾವ ಹೊತ್ತಿಗೆ ಯಾವ ದೀಪ ಹೇಗಿತ್ತು ಎಂದು ದೂರಿನಲ್ಲಿ ಬರೆದುಕೊಟ್ಟರೆ, ಕಂಬ ಹತ್ತಿ ಕೇಬಲ್ ಹುಡುಕುವ ಬದಲು ಎಕ್ಸ್‌ಚೇಂಜ್‌ನ ಉಪಕರಣವನ್ನೇ ಮೊದಲು ಪರೀಕ್ಷಿಸಲು ಸಾಧ್ಯವಾಗುತ್ತದೆ.