ಗರಡಿಯ ಅಂಗಮರ್ದನ: ಉಪಯೋಗ ಮತ್ತು ಮಿತಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಮಲ್ಲರ ವರ್ಗಗಳನ್ನೂ ಆಹಾರ-ವ್ಯಾಯಾಮಗಳನ್ನೂ ನಿರೂಪಿಸುತ್ತದೆ. ಸ್ನಾನಕ್ಕೆ ಮುಂಚಿನ ಅಭ್ಯಂಗವೂ ಅದರಲ್ಲಿ ವರ್ಣಿತವಾಗಿದೆ. ಮೈಗೆ ಎಣ್ಣೆ ತಿಕ್ಕುವ ಪದ್ಧತಿ ಮೈಸೂರಿನ ಗರಡಿಮನೆಗಳಲ್ಲಿ 'ಮಾಲೀಸು' ಎಂಬ ಹೆಸರಿನಿಂದ ಉಳಿದುಬಂದಿದೆ.

ಆದರೆ ಪ್ರಾಚೀನತೆಯೇ ಪ್ರಮಾಣವಲ್ಲ. ಪದ್ಧತಿಯ ಫಲವನ್ನು ನಾವು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮಾಲೀಸು ಸ್ನಾಯುಗಳಲ್ಲಿನ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತದೆಂಬ ನಂಬಿಕೆ ಸಾಧುವಲ್ಲ. ವ್ಯಾಯಾಮ ನಿಂತ ಒಂದೆರಡು ಗಂಟೆಗಳಲ್ಲಿ ದೇಹವೇ ಅದನ್ನು ಬಳಸಿಕೊಳ್ಳುತ್ತದೆ. ಮರುದಿನ ತಲೆದೋರುವ ಮೈಕೈ ನೋವನ್ನು ಮಾತ್ರ ಮಾಲೀಸು ತಕ್ಕಮಟ್ಟಿಗೆ ಶಮನಗೊಳಿಸುತ್ತದೆ.

ಅಪಾಯವಿರುವುದು 'ಉಳುಕು' ಎಂಬ ಶಬ್ದದಲ್ಲಿ. ಸ್ನಾಯು ಸೆಳೆದುದನ್ನೂ, ಕೀಲಿನ ಎಲುಬುಗಳನ್ನು ಬಂಧಿಸುವ ಅಸ್ಥಿರಜ್ಜು ಹರಿದುದನ್ನೂ, ಒಮ್ಮೊಮ್ಮೆ ಎಲುಬಿನ ಬಿರುಕನ್ನೂ ನಾವು ಈ ಒಂದೇ ಹೆಸರಿನಿಂದ ಕರೆಯುತ್ತೇವೆ. ತಡವಾಗಿ ಬಂದು, ದುಡಿದ ಸ್ನಾಯುಗಳಲ್ಲೆಲ್ಲ ಹರಡಿ, ಕೆಲವು ದಿನಗಳಲ್ಲಿ ತಾನೇ ಇಳಿಯುವ ನೋವು ಶ್ರಮದ ಫಲ. ಆಡುತ್ತಿರುವಾಗಲೇ ಒಂದೆಡೆ ಚಳುಕೆದ್ದು, ಆ ಭಾಗವು ಊದಿ ಕಂದಿದರೆ ಅದು ಗಾಯ. ಹೊಸ ಗಾಯವನ್ನು ತಿಕ್ಕಿದರೆ ಒಳಗಿನ ರಕ್ತಸ್ರಾವವೂ ಊತವೂ ಹೆಚ್ಚಬಹುದು. ಆದುದರಿಂದ ಮೊದಲ 2–3 ದಿನ ಮಾಲೀಸನ್ನು ವರ್ಜಿಸಿ, ವಿಶ್ರಾಂತಿ ಕೊಟ್ಟು, ಹದವಾಗಿ ಪಟ್ಟಿ ಸುತ್ತಿ, ಅಂಗವನ್ನು ಎತ್ತರದಲ್ಲಿರಿಸುವುದು ಯುಕ್ತ. ಕಣಕಾಲು ಉಳುಕಿದವನು ನಾಲ್ಕು ಹೆಜ್ಜೆಯನ್ನೂ ಇಡಲಾರದಿದ್ದರೆ, ಅಥವಾ ಗಂಟೆಲುಬನ್ನು ಒತ್ತಿದಾಗ ನೋವೆದ್ದರೆ, ವೈದ್ಯರನ್ನು ಕಂಡು ಎಕ್ಸ್‌ರೇ ತೆಗೆಸಬೇಕು.

ಕಾಲೇಜಿನ ಕ್ರೀಡಾಂಗಣದಲ್ಲಿ ಎಣ್ಣೆಯ ಬಟ್ಟಲಿಗೆ ಕೈಹಾಕುವ ಮುನ್ನ ಇಷ್ಟು ವಿವೇಚನೆ ನಡೆದರೆ, ಪರಂಪರೆಗೂ ವಿದ್ಯಾರ್ಥಿಯ ಕಾಲಿಗೂ ಕ್ಷೇಮ.