ತೊಟ್ಟಿಯ ಅಡಿಯಲ್ಲಿ ಏನು ಹಾಸಬೇಕು?



ವಯನಾಡಿಗೆ ಶೈಕ್ಷಣಿಕ ಪ್ರವಾಸ ಹೋದವರು ಪೂಕೋಡು ಕೆರೆಯನ್ನು ನೋಡದೆ ಬರುವುದು ಕಡಿಮೆ. ವೈತ್ತಿರಿ ಸಮೀಪ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಕಾಡುಗುಡ್ಡಗಳ ನಡುವೆ ಇರುವ ಸಿಹಿನೀರಿನ ಕೆರೆ ಅದು. ಇಲ್ಲಿಂದ ಹೊರಡುವ ತೊರೆ ಪನಮರಂ ಹೊಳೆಗೆ, ಅಲ್ಲಿಂದ ಕಬಿನಿಗೆ ಸೇರುತ್ತದೆ. ಕೆರೆಯ ಪಕ್ಕದಲ್ಲೇ ಸಿಹಿನೀರಿನ ಮೀನುಗಳ ಒಂದು ಅಕ್ವೇರಿಯಂ ಕೂಡ ಇದೆ.

ನಾವು ಅಲ್ಲಿಗೆ ಹೋದಾಗ ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಕೆರೆಯ ದಡದಲ್ಲಿ ನಿಂತು ಕೇಳಿದಳು: "ಟೀಚರ್, ಈ ಕೆರೆಯ ಅಡಿಯನ್ನು ಯಾರು ತೊಳೆಯುತ್ತಾರೆ?"

ಉಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ಪ್ರಶ್ನೆ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು.

ನಾವು ತೊಳೆದೆವು, ಮೀನು ಸತ್ತವು

ಪ್ರವಾಸಕ್ಕೆ ಎರಡು ತಿಂಗಳು ಮೊದಲು ನಮ್ಮ ಶಾಲೆಯ ಲ್ಯಾಬಿನಲ್ಲಿ ಒಂದು ಸಣ್ಣ ಗಾಜಿನ ತೊಟ್ಟಿ ಇಟ್ಟಿದ್ದೆವು. 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಅಡಿಗೆ ನೀಲಿ, ಕೆಂಪು ಬಣ್ಣದ ದೊಡ್ಡ ದೊಡ್ಡ ಕಲ್ಲುಗಳು. ನೋಡಲು ಚೆಂದ. ಆದರೆ ಮೀನಿಗೆ ಹಾಕಿದ ಆಹಾರದ ಅರ್ಧ ಕಲ್ಲುಗಳ ಸಂದಿಗೆ ಬೀಳುತ್ತಿತ್ತು. ಮೀನಿನ ಬಾಯಿ ಅಲ್ಲಿಗೆ ತಲಪುವುದಿಲ್ಲ, ನಮ್ಮ ಪೈಪೂ ತಲಪುವುದಿಲ್ಲ. ಅದು ಅಲ್ಲೇ ಕೊಳೆತು ವಾಸನೆ ಬರತೊಡಗಿತು.

ಒಂದು ಶನಿವಾರ ಎಲ್ಲರೂ ಸೇರಿ "ಚೆನ್ನಾಗಿ ಕ್ಲೀನ್ ಮಾಡೋಣ" ಎಂದು ಹೊರಟೆವು. ನೀರು ಪೂರ್ತಿ ಚೆಲ್ಲಿದೆವು. ಕಲ್ಲುಗಳನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿದೆವು. ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದೆವು. ಮತ್ತೆ ಹೊಸ ನೀರು. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಬುಧವಾರದ ಹೊತ್ತಿಗೆ ನಾಲ್ಕು ಮೀನುಗಳು ಸತ್ತು ತೇಲುತ್ತಿದ್ದವು.

ತೊಳೆಯಿರಿ ಎಂದು ಹೇಳಿದ್ದು ನಾನೇ. ತಪ್ಪು ನನ್ನದು. ಗಲೀಜಾಗಿದ್ದ ನೀರಿನಲ್ಲಿ ಬದುಕಿದ್ದ ಮೀನು ಶುದ್ಧ ನೀರಿನಲ್ಲಿ ಯಾಕೆ ಸತ್ತಿತು? ಕೆರೆಯ ದಡದ ಆ ಪ್ರಶ್ನೆಯಲ್ಲೇ ಉತ್ತರ ಇದೆ.

ಕಣ್ಣಿಗೆ ಕಾಣದ ಕೆಲಸಗಾರರು

ಮೀನು ಉಸಿರಾಡುವಾಗ ಕಿವಿರುಗಳಿಂದ ಅಮೋನಿಯ ಹೊರಬರುತ್ತದೆ. ಅದರ ಮಲ, ಉಳಿದ ಆಹಾರ, ಕೊಳೆತ ಎಲೆ ಇವುಗಳಿಂದಲೂ ಅಮೋನಿಯ ಉಂಟಾಗುತ್ತದೆ. ಇದು ಮೀನಿಗೆ ವಿಷ. ಆದರೆ ಕೆರೆಯ ತಳದ ಮಣ್ಣು, ಮರಳು, ಕಲ್ಲು, ಗಿಡದ ಕಾಂಡ, ಎಲ್ಲದರ ಮೇಲೂ ಬ್ಯಾಕ್ಟೀರಿಯಾಗಳ ತೆಳುವಾದ ಪದರ ಇರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಆಗಿ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಆಗಿ ಬದಲಾಯಿಸುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಗಿಡಗಳಿಗೆ ಅದು ಗೊಬ್ಬರ. ನಿಮ್ಮ ಪಾಠದ ನೈಟ್ರೋಜನ್ ಚಕ್ರ ಇದೇ. 1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಈ ಬ್ಯಾಕ್ಟೀರಿಯಾಗಳ ಕೆಲಸವನ್ನು ತೋರಿಸಿಕೊಟ್ಟರು.

ಈಗ ಗೊತ್ತಾಯಿತಲ್ಲ? ನಾವು ಆ ಶನಿವಾರ ಕೊಳೆಯನ್ನು ಮಾತ್ರ ತೊಳೆದದ್ದಲ್ಲ, ಕೆಲಸಗಾರರನ್ನೂ ಕೊಂದೆವು. ಮೀನುಗಳು ಅಮೋನಿಯವನ್ನು ಬಿಡುತ್ತಲೇ ಇದ್ದವು. ಅದನ್ನು ತೆಗೆಯುವವರು ಯಾರೂ ಉಳಿದಿರಲಿಲ್ಲ.

ಹಾಗಾಗಿ ತೊಟ್ಟಿಯ ತಳಹಾಸು ಎಂದರೆ ಅಲಂಕಾರ ಅಲ್ಲ. ಅದು ಈ ಬ್ಯಾಕ್ಟೀರಿಯಾಗಳ ಮನೆ. ಕಡಿಮೆ ಕೆಲಸದಲ್ಲಿ ತೊಟ್ಟಿ ನೋಡಿಕೊಳ್ಳಬೇಕಾದರೆ ತಳಹಾಸಿಗೆ ಎರಡು ಗುಣ ಬೇಕು. ಒಂದು, ಬ್ಯಾಕ್ಟೀರಿಯಾಗಳಿಗೆ ಸಾಕಷ್ಟು ಜಾಗ ಇರಬೇಕು. ಎರಡು, ಉಳಿದ ಕೊಳೆ ನಮ್ಮ ಪೈಪಿಗೆ ಸಿಗುವಂತಿರಬೇಕು.

ಲೆಕ್ಕ ಮಾಡಿ ನೋಡೋಣ

ನಮ್ಮ ತೊಟ್ಟಿಯ ಅಡಿಯ ವಿಸ್ತೀರ್ಣ 45 × 30 = 1350 ಚದರ ಸೆಂಟಿಮೀಟರ್. ಏನೂ ಹಾಸದಿದ್ದರೆ ಅಡಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಸಿಗುವ ಜಾಗ ಇಷ್ಟೇ.

ಈಗ 3 ಸೆಂಟಿಮೀಟರ್ ದಪ್ಪಕ್ಕೆ ಕಲ್ಲು ಹಾಸೋಣ. ಗಾತ್ರ 1350 × 3 = 4050 ಘನ ಸೆಂಟಿಮೀಟರ್. ಇದರಲ್ಲಿ ಸುಮಾರು 60 ಶೇಕಡಾ ಕಲ್ಲು, ಉಳಿದದ್ದು ಸಂದಿ ಎಂದು ಇಟ್ಟುಕೊಳ್ಳಿ. ಅಂದರೆ ಕಲ್ಲು 2430 ಘನ ಸೆಂಟಿಮೀಟರ್. ಕಲ್ಲುಗಳು ಗೋಳಾಕಾರ ಎಂದುಕೊಂಡರೆ, ಒಟ್ಟು ಮೇಲ್ಮೈ ತಿಳಿಯಲು ಗಾತ್ರವನ್ನು 6ರಿಂದ ಗುಣಿಸಿ ವ್ಯಾಸದಿಂದ ಭಾಗಿಸಿದರೆ ಸಾಕು. (ಯಾಕೆ ಹೀಗೆ? ಗೋಳದ ಮೇಲ್ಮೈ ಮತ್ತು ಗಾತ್ರದ ಸೂತ್ರಗಳಿಂದ ನೀವೇ ಕಂಡುಹಿಡಿಯಿರಿ.)

ಕಲ್ಲಿನ ವ್ಯಾಸ 3 ಸೆಂಟಿಮೀಟರ್ ಆದರೆ: 2430 × 6 ÷ 3 = 4860 ಚದರ ಸೆಂಟಿಮೀಟರ್.

ಕಲ್ಲಿನ ವ್ಯಾಸ 3 ಮಿಲಿಮೀಟರ್ ಆದರೆ: 2430 × 6 ÷ 0.3 = 48,600 ಚದರ ಸೆಂಟಿಮೀಟರ್.

ಅದೇ ತೊಟ್ಟಿ, ಅದೇ ದಪ್ಪ, ಜಾಗ ಹತ್ತು ಪಟ್ಟು! ಹೆಚ್ಚುಕಡಿಮೆ ಆರು ಅಡಿ ಉದ್ದ ಮೂರು ಅಡಿ ಅಗಲದ ಮೂರು ಚಾಪೆಗಳನ್ನು ಆ ಪುಟ್ಟ ತೊಟ್ಟಿಯೊಳಗೆ ಹಾಸಿದ ಹಾಗೆ.

"ಹಾಗಾದರೆ ಇನ್ನೂ ಸಣ್ಣ ಹೊಯಿಗೆ ಹಾಕಿದರೆ ಇನ್ನೂ ಒಳ್ಳೆಯದಲ್ವಾ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಈ ಬ್ಯಾಕ್ಟೀರಿಯಾಗಳಿಗೆ ಆಕ್ಸಿಜನ್ ಬೇಕು. ನಯವಾದ ಹೊಯಿಗೆ ಒತ್ತಾಗಿ ಕೂರುತ್ತದೆ, ಒಳಗೆ ನೀರು ಓಡಾಡುವುದಿಲ್ಲ. ದಪ್ಪವಾಗಿ ಹಾಸಿದರೆ ಕೆಳಗಿನ ಪದರಕ್ಕೆ ಆಕ್ಸಿಜನ್ ಸಿಗದೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಬೆಳೆದು ಹೈಡ್ರೋಜನ್ ಸಲ್ಫೈಡ್ ಉಂಟಾಗಬಹುದು. ಅಲ್ಲಲ್ಲಿ ಕಪ್ಪು ಕಲೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಅದೇ.

ಆದ್ದರಿಂದ ಮಧ್ಯದ ದಾರಿ ಒಳ್ಳೆಯದು: 2ರಿಂದ 4 ಮಿಲಿಮೀಟರ್ ಗಾತ್ರದ, ಅಂಚು ಸವೆದು ದುಂಡಗಾದ ಸಣ್ಣ ಕಲ್ಲು. ಸ್ಕೇಲ್ ಹಿಡಿಯಬೇಕಾಗಿಲ್ಲ, ಅಡಿಗೆಮನೆಯಲ್ಲೇ ಅಳತೆ ಇದೆ. ಮೆಂತ್ಯಕ್ಕಿಂತ ಸಣ್ಣದು ಬೇಡ, ಕೊತ್ತಂಬರಿ ಬೀಜಕ್ಕಿಂತ ದೊಡ್ಡದು ಬೇಡ.

ಉಳಿದವು ಯಾಕೆ ಬೇಡ?

ಬರೀ ಗಾಜಿನ ತಳ: ತೊಳೆಯಲು ಬಹಳ ಸುಲಭ. ಆದರೆ ಎಲ್ಲ ಭಾರ ಫಿಲ್ಟರಿನ ಸ್ಪಂಜಿನ ಮೇಲೆ ಬೀಳುತ್ತದೆ. ಬೇರು ಬಿಡುವ ಗಿಡ ನೆಡಲಾಗುವುದಿಲ್ಲ.

ತೋಟದ ಮಣ್ಣು: ಗಿಡಗಳು ಚೆನ್ನಾಗಿ ಬರುತ್ತವೆ. ಆದರೆ ಮೊದಮೊದಲು ಮಣ್ಣೇ ಅಮೋನಿಯವನ್ನು ಬಿಡಬಹುದು, ಕದಡಿದರೆ ನೀರು ಕೆಸರು. ಗೊಬ್ಬರ, ಕೀಟನಾಶಕ ಬಿದ್ದ ಮಣ್ಣಾದರೆ ಕೇಳುವುದೇ ಬೇಡ. ಅನುಭವ ಆದ ಮೇಲೆ ನೋಡೋಣ.

ಎಂ-ಸ್ಯಾಂಡ್: ಇದು ಕ್ರಷರಿನಲ್ಲಿ ಕಲ್ಲು ಒಡೆದು ಮಾಡಿದ ಹೊಯಿಗೆ. ಧೂಳು ಹೆಚ್ಚು, ಅಂಚು ಹರಿತ. ತಳವನ್ನು ಮೀಸೆಯಿಂದ ತಡಕಿ ತಿನ್ನುವ ಮೀನುಗಳಿಗೆ ಗಾಯವಾದೀತು.

ಬಣ್ಣದ ಕಲ್ಲು: ಬಣ್ಣ ಯಾವುದೆಂದು ನಮಗೆ ಗೊತ್ತಿರುವುದಿಲ್ಲ. ಕಡಿಮೆ ದರ್ಜೆಯದ್ದಾದರೆ ನೀರಿನಲ್ಲಿ ಬಿಡುತ್ತದೆ.

ಕಡಲ ಹೊಯಿಗೆ, ಚಿಪ್ಪಿನ ಚೂರು, ಹವಳದ ಚೂರು: ಇವುಗಳಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಇರುತ್ತದೆ. ಅದು ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ, ಪಿಎಚ್ ಏರಿಸುತ್ತದೆ. ಗಪ್ಪಿಯಂಥ ಮೀನು ಗಡಸು ನೀರಿನಲ್ಲೂ ಬದುಕುತ್ತದೆ. ಆದರೆ ಇನ್ನೊಂದು ಅಪಾಯ ಇದೆ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಕೊಳೆ ಅಷ್ಟೇ ಇದ್ದರೂ ವಿಷ ಹೆಚ್ಚು!

ಹುಳಿ ಪರೀಕ್ಷೆ

ಕಲ್ಲಿನಲ್ಲಿ ಸುಣ್ಣದ ಅಂಶ ಇದೆಯೇ ಎಂದು ಹೇಗೆ ತಿಳಿಯುವುದು? ಹತ್ತಿಪ್ಪತ್ತು ಕಲ್ಲುಗಳನ್ನು ತೊಳೆದು ಒಣಗಿಸಿ ಒಂದು ಬಿಳಿ ತಟ್ಟೆಯಲ್ಲಿಡಿ. ಮೇಲೆ ವಿನೆಗರ್ ಹನಿಸಿ. ಗುಳ್ಳೆ ಬಂದರೆ ಅದು ಕಾರ್ಬನ್ ಡೈಆಕ್ಸೈಡ್. ಕಲ್ಲಿನಲ್ಲಿ ಕಾರ್ಬೋನೇಟ್ ಇದೆ ಎಂದು ಅರ್ಥ. ಹೋಲಿಕೆಗೆ ಪಕ್ಕದಲ್ಲಿ ಒಂದು ಕಪ್ಪೆಚಿಪ್ಪಿನ ಚೂರು ಇಟ್ಟು ಅದಕ್ಕೂ ಹನಿಸಿ ನೋಡಿ. ವಿನೆಗರ್ ದುರ್ಬಲ ಆಮ್ಲ, ಕೆಲವೊಮ್ಮೆ ಗುಳ್ಳೆ ಸರಿಯಾಗಿ ಕಾಣುವುದಿಲ್ಲ. ಶಾಲೆಯ ಲ್ಯಾಬಿನಲ್ಲಿ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಿಂದ ಇದೇ ಪರೀಕ್ಷೆ ಮಾಡಬಹುದು. ಆದರೆ ಅಧ್ಯಾಪಕರು ಪಕ್ಕದಲ್ಲಿ ಇರುವಾಗ ಮಾತ್ರ. ಪರೀಕ್ಷೆ ಮಾಡಿದ ಕಲ್ಲುಗಳನ್ನು ತೊಟ್ಟಿಗೆ ಹಾಕಬೇಡಿ.

ಎಲ್ಲಿಂದ ತರುವುದು?

ಹೊಳೆಯಿಂದ ಒಂದು ಚೀಲ ತಂದರಾಯಿತು ಎಂದು ಅನಿಸುತ್ತದೆ, ಅಲ್ವಾ? ಬೇಡ. ಹೊಳೆಯ ಕಲ್ಲು, ಹೊಯಿಗೆಯ ಸಂದಿಯಲ್ಲಿಯೇ ಅನೇಕ ಮೀನುಗಳು ಮೊಟ್ಟೆ ಇಡುತ್ತವೆ, ಹುಳಹುಪ್ಪಟೆಗಳು ಬದುಕುತ್ತವೆ. ನಮ್ಮ ತೊಟ್ಟಿಗೆ ತಳಹಾಸು ಎಷ್ಟು ಮುಖ್ಯವೋ ಹೊಳೆಗೂ ಅಷ್ಟೇ ಮುಖ್ಯ. ಕೇರಳದಲ್ಲಿ ನದಿಗಳ ಮರಳು ತೆಗೆಯುವುದನ್ನು ನಿಯಂತ್ರಿಸಲು 2001ರಲ್ಲಿ ಕಾಯ್ದೆಯೇ ಬಂದಿದೆ.

ಮೀನನ್ನೂ ಕೆರೆಯಿಂದ ಹಿಡಿದು ತರಬೇಡಿ. ಪೂಕೋಡು ಕೆರೆಯಿಂದ 2007ರಲ್ಲಿ ಒಂದು ಸಣ್ಣ ಮೀನನ್ನು ಹೊಸ ಪ್ರಭೇದವೆಂದು ಆನ್ನಾ ಮರ್ಸಿ ಮತ್ತು ಈಪನ್ ಜೇಕಬ್ ಎಂಬ ವಿಜ್ಞಾನಿಗಳು ವಿವರಿಸಿದರು. ಕೆರೆಯ ಹೆಸರೇ ಅದಕ್ಕೆ ಬಂತು. ಈಗ ಅದರ ಹೆಸರು ಪೆಥಿಯಾ ಪೂಕೋಡೆನ್ಸಿಸ್. ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು 'ಅತ್ಯಂತ ಗಂಭೀರ ಅಪಾಯ'ದ ವರ್ಗದಲ್ಲಿದೆ. ಒಂದೇ ಒಂದು ಕೆರೆಯನ್ನು ನಂಬಿ ಬದುಕುವ ಜೀವಿ ಎಂದರೆ ಎಷ್ಟು ಜಾಗ್ರತೆ ಬೇಕು, ಯೋಚಿಸಿ.

ಹಾಗಾಗಿ ಅಕ್ವೇರಿಯಂ ಅಂಗಡಿಯಿಂದ ಬಣ್ಣ ಹಾಕದ ಸಣ್ಣ ಕಲ್ಲು ತನ್ನಿ. ನಮ್ಮ ಅಳತೆಯ ತೊಟ್ಟಿಗೆ ಸುಮಾರು 6 ಕಿಲೋ ಸಾಕು. ಯಾರಾದರೂ ಹಳೆಯ ತೊಟ್ಟಿ ಬಿಟ್ಟಿದ್ದರೆ ಅವರಿಂದ ಕೇಳಿ ತೆಗೆದುಕೊಂಡರೆ ಖರ್ಚೂ ಇಲ್ಲ.

ಹಾಸುವ ಕ್ರಮ

ಮೊದಲ ಸಲ ಮಾತ್ರ ಕಲ್ಲನ್ನು ಬಾಲ್ದಿಯಲ್ಲಿ ಹಾಕಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಸೋಪು, ಬ್ಲೀಚಿಂಗ್ ಪುಡಿ ಮುಟ್ಟಬೇಡಿ. ತೊಟ್ಟಿಯನ್ನು ಗಟ್ಟಿ ಮೇಜಿನ ಮೇಲಿಟ್ಟು 3 ಸೆಂಟಿಮೀಟರ್ ದಪ್ಪಕ್ಕೆ ಹಾಸಿ; ಹಿಂದೆ ಸ್ವಲ್ಪ ಎತ್ತರ, ಮುಂದೆ ತಗ್ಗು ಇದ್ದರೆ ಕೊಳೆ ಮುಂದೆ ಬಂದು ಸೇರುತ್ತದೆ. ಕಲ್ಲಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ನೀರು ಹೊಯ್ಯಿರಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ತೆರೆದ ಬಾಲ್ದಿಯಲ್ಲಿಟ್ಟು ಬಳಸಿ. ನಿಮಗೆ ದ್ಯುತಿಸಂಶ್ಲೇಷಣೆಯ ಪ್ರಯೋಗದಿಂದ ಗೊತ್ತಿರುವ ಹೈಡ್ರಿಲ್ಲಾ ಒಂದೆರಡು ಎಳೆ, ಸಿಕ್ಕಿದರೆ ವ್ಯಾಲಿಸ್ನೇರಿಯಾ ನೆಡಿ.

ಆಮೇಲೆ ತಾಳ್ಮೆ. ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿಂದ ಒಂದು ಮುಷ್ಟಿ ಕಲ್ಲು ತಂದು ಹಾಕಿದರೆ ಬೇಗ ಆಗುತ್ತದೆ. ಮೀನು ಮೊದಲು ಎರಡೋ ಮೂರೋ ಸಾಕು.

ವಾರಕ್ಕೊಂದು ಬಾಲ್ದಿ

ಇನ್ನು ನಿಮ್ಮ ಕೆಲಸ ವಾರಕ್ಕೆ ಹದಿನೈದು ನಿಮಿಷ. ಸೈಫನ್ ಪೈಪಿನ ತುದಿಯನ್ನು ಕಲ್ಲಿನ ಮೇಲೆ ಆಡಿಸುತ್ತಾ ಸುಮಾರು 8 ಲೀಟರ್, ಅಂದರೆ ಒಂದು ಬಾಲ್ದಿ ನೀರು ತೆಗೆಯಿರಿ. ಒಂದು ವಾರ ಎಡಭಾಗ, ಮುಂದಿನ ವಾರ ಬಲಭಾಗ. ಎಲ್ಲ ಕಡೆ ಒಟ್ಟಿಗೆ ಕೆದಕಬೇಡಿ. ಸ್ಪಂಜನ್ನು ನಲ್ಲಿ ನೀರಿನಲ್ಲಿ ಅಲ್ಲ, ತೆಗೆದ ಆ ಬಾಲ್ದಿಯ ನೀರಿನಲ್ಲೇ ಹಿಂಡಿ. ನಂತರ ಆ ನೀರನ್ನು ಶಾಲೆಯ ತರಕಾರಿ ಗಿಡಗಳಿಗೆ ಹಾಕಿ. ಹೊಳೆಗೆ, ತೋಡಿಗೆ ಬೇಡ. ಆಹಾರ ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ.

ಈ ಕೊನೆಯ ಮಾತು ಮರೆಯಬೇಡಿ. ಪೂಕೋಡಿನಂಥ ಕೆರೆಯೂ ಹೂಳು ಮತ್ತು ಕಳೆಯಿಂದ ಕಷ್ಟಪಟ್ಟಿದೆ. ಹೊರಗಿನಿಂದ ಬಂದು ಬೀಳುವುದು ಮಿತಿ ಮೀರಿದರೆ ಕೆರೆಯ ಕೆಲಸಗಾರರಿಗೂ ಸಾಧ್ಯವಾಗುವುದಿಲ್ಲ. ಮತ್ತೆ 40 ಲೀಟರಿನ ತೊಟ್ಟಿ ಯಾವ ಲೆಕ್ಕ?

ಪ್ರವಾಸದಿಂದ ಬಂದ ಮೇಲೆ ನಾವು ಅದೇ ತೊಟ್ಟಿಗೆ ಸಣ್ಣ ಕಲ್ಲು ಹಾಸಿ ಐದು ವಾರ ಕಾದು ಮೂರು ಗಪ್ಪಿ ಬಿಟ್ಟೆವು. ಪ್ರಶ್ನೆ ಕೇಳಿದ ಹುಡುಗಿಗೇ ಶುಕ್ರವಾರದ ಬಾಲ್ದಿಯ ಜವಾಬ್ದಾರಿ. ಈಗ ಕಲ್ಲುಗಳ ಮೇಲೆ ಸ್ವಲ್ಪ ಕಂದು ಬಣ್ಣ ಬಂದಿದೆ. ನೋಡಿದವರು "ತೊಳೆಯಬಾರದೇ?" ಎಂದು ಕೇಳುತ್ತಾರೆ. ಅವಳು ಬಿಡುವುದಿಲ್ಲ. "ಅಲ್ಲಿ ಕೆಲಸ ನಡೀತಾ ಉಂಟು" ಎನ್ನುತ್ತಾಳೆ.

ನಿಮ್ಮ ಶಾಲೆಯಲ್ಲೂ ಹುಳಿ ಪರೀಕ್ಷೆಯಿಂದ ಶುರು ಮಾಡಿ. ಐದು ಬೇರೆ ಬೇರೆ ಜಾಗದ ಕಲ್ಲುಗಳನ್ನು ಪರೀಕ್ಷಿಸಿ, ಯಾವುದರಲ್ಲಿ ಗುಳ್ಳೆ ಬಂತು, ಯಾವುದರಲ್ಲಿ ಬರಲಿಲ್ಲ ಎಂದು ಪಟ್ಟಿ ಮಾಡಿ ನಿಮ್ಮ ವಿಜ್ಞಾನ ಅಧ್ಯಾಪಕರಿಗೆ ತೋರಿಸಿ.