ವರ್ಣನೆಯ ಪಾಠ

‘ನಮ್ಮೂರು’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿರೆಂದರೆ, ರಾಯಚೂರಿನ ಎರೆಸೀಮೆಯ ವಿದ್ಯಾರ್ಥಿಯೂ ತೀರ್ಥಹಳ್ಳಿಯ ಕಾಡಂಚಿನ ವಿದ್ಯಾರ್ಥಿಯೂ ಅನೇಕ ವೇಳೆ ಒಂದೇ ಊರನ್ನು ವರ್ಣಿಸುತ್ತಾರೆ. ಅಲ್ಲಿ ಹಸುರು ಬೆಟ್ಟಗಳು ಕಂಗೊಳಿಸುತ್ತವೆ. ನದಿ ಜುಳುಜುಳು ಹರಿಯುತ್ತದೆ. ಕೋಗಿಲೆಗಂತೂ ವರ್ಷವಿಡೀ ಬಿಡುವಿಲ್ಲ. ಎರೆಸೀಮೆಯ ಬಾಲಕನು ಹೀಗೆ ಬರೆಯುವುದು ಸುಳ್ಳು ಹೇಳುವ ಆಸೆಯಿಂದಲ್ಲ. ಬರೆಯಲು ಯೋಗ್ಯವಾದ ಊರು ಹೀಗೆಯೇ ಇರಬೇಕೆಂದು ಅವನು ಓದಿನಿಂದ ತಿಳಿದಿದ್ದಾನೆ. ತನ್ನ ಊರು ಬರವಣಿಗೆಗೆ ತಕ್ಕುದಲ್ಲವೆಂಬ ಈ ಭಾವನೆಯು ಕಾಗುಣಿತದ ತಪ್ಪಿಗಿಂತ ದೊಡ್ಡ ದೋಷ.

ಸಿದ್ಧವರ್ಣನೆಯ ಮೋಹ ಹೊಸದೇನಲ್ಲ. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಮೊದಲಾದ ಹದಿನೆಂಟು ವರ್ಣನೆಗಳು ಮಹಾಕಾವ್ಯಕ್ಕೆ ಲಕ್ಷಣವೆಂದು ನಮ್ಮ ಪೂರ್ವಿಕರು ಎಣಿಸಿದ್ದರು. ಕಡಲನ್ನು ಕಾಣದ ಕವಿಗೂ ಕಡಲಿನ ವರ್ಣನೆ ತಪ್ಪುತ್ತಿರಲಿಲ್ಲ. ಆದರೆ ಹತ್ತನೆಯ ಶತಮಾನದ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನನ್ನು ಬನವಾಸಿಗೆ ಕರೆತಂದಾಗ, ಆ ಪಟ್ಟಿ ಹಿಂದೆ ಸರಿದು ಕವಿಯ ಪ್ರೀತಿಯ ನಾಡು ಕಣ್ಣೆದುರು ನಿಲ್ಲುತ್ತದೆ.

ಫ್ರೆಂಚ್ ಲೇಖಕ ಮೋಪಾಸಾ ತನ್ನ ಗುರು ಫ್ಲೋಬೇರನು ಕಲಿಸಿದ ರೀತಿಯನ್ನು 1888ರಲ್ಲಿ ಪ್ರಕಟವಾದ ಒಂದು ಕಾದಂಬರಿಯ ಮುನ್ನುಡಿಯಲ್ಲಿ ತಿಳಿಸಿದ್ದಾನೆ. ಬಯಲಿನ ಒಂದು ಮರವನ್ನು ವರ್ಣಿಸಬೇಕಾದರೆ, ಅದು ಬೇರಾವ ಮರವನ್ನೂ ಹೋಲದಂತೆ ತೋರುವವರೆಗೆ ಅದರ ಎದುರಿನಲ್ಲಿ ನಿಲ್ಲಬೇಕು. ಬಾಡಿಗೆ ಗಾಡಿಯ ಒಂದು ಕುದುರೆಯು ಅದರ ಹಿಂದುಮುಂದಿನ ಐವತ್ತು ಕುದುರೆಗಳಿಂದ ಹೇಗೆ ಭಿನ್ನವೆಂಬುದನ್ನು ಒಂದೇ ಮಾತಿನಲ್ಲಿ ಕಾಣಿಸಬೇಕು. ಗುರುವಿನ ಈ ಅಭ್ಯಾಸ ಸುಲಭವಾದುದಲ್ಲ. ಆದರೆ ಶಾಲೆಯಂಗಳದ ಹುಣಿಸೆಮರದಿಂದ ಇದನ್ನು ಆರಂಭಿಸಬಹುದು.

ಮಕ್ಕಳನ್ನು ಮರದ ಬಳಿ ನಿಲ್ಲಿಸಿ, ‘ಸುಂದರ’, ‘ರಮಣೀಯ’, ‘ಮನೋಹರ’ ಎಂಬ ಮಾತುಗಳನ್ನು ಆ ದಿನದ ಮಟ್ಟಿಗೆ ಉಪಾಧ್ಯಾಯರು ನಿಷೇಧಿಸಿದರೆ ಮೊದಲು ಮೌನ ಕವಿಯುತ್ತದೆ. ಬಳಿಕ ಯಾರೋ ಮರ ದೊಡ್ಡದೆನ್ನುತ್ತಾರೆ. ಎಷ್ಟು ದೊಡ್ಡದು? ಇಬ್ಬರು ಹುಡುಗರು ಕೈಚಾಚಿ ಬಳಸಿದರೂ ಬುಡ ತೆಕ್ಕೆಗೆ ಸಿಕ್ಕುವುದಿಲ್ಲ. ತೊಗಟೆ ಒರಟು, ಸೀಳುಸೀಳು. ಸಂಜೆಯಾದಂತೆ ಅದರ ಎಲೆಗಳು ಮಡಿಚಿಕೊಳ್ಳುತ್ತವೆಂಬುದನ್ನು, ದಿನವೂ ಅದರಡಿಯಲ್ಲಿ ಆಡಿದವರಲ್ಲಿಯೂ ಎಲ್ಲರೂ ಗಮನಿಸಿರುವುದಿಲ್ಲ. ನೋಡುವುದು ಬೇರೆ, ಗಮನಿಸುವುದು ಬೇರೆ ಎಂಬುದು ಇಲ್ಲಿ ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಕಣ್ಣು ಹೇಳಿದ ಮೇಲೆ ಕಿವಿ, ಮೂಗು, ಚರ್ಮಗಳಿಗೂ ಸರದಿ ಬರಬೇಕು. ಉಪಮೆಗಳ ಮಾತು ಆಮೇಲಿನದು. ಅವೂ ಬರೆಯುವವನ ಮನೆ-ಹೊಲಗಳಿಂದಲೇ ಬಂದರೆ ಒಳ್ಳೆಯದು.

ಇಷ್ಟಾದ ಮೇಲೆ ‘ನಮ್ಮೂರು’ ಎಂಬ ವಿಷಯವನ್ನೇ ಮತ್ತೆ ಕೊಡಬೇಕು. ಎರೆಸೀಮೆಯ ಬಾಲಕನಿಗೆ ಹೇಳಲು ಎಷ್ಟೊಂದಿದೆ! ಬೇಸಿಗೆಯಲ್ಲಿ ಕಪ್ಪುನೆಲ ಅಂಗೈ ಹೊಗುವಷ್ಟು ಅಗಲ ಬಿರಿಯುತ್ತದೆ. ಮಳೆ ಬಿದ್ದೊಡನೆ ಅದೇ ಮಣ್ಣು ಉಬ್ಬಿ ಬಿರುಕನ್ನು ಮುಚ್ಚುತ್ತದೆ. ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿಕೊಂಡು ಕೆರವನ್ನು ಭಾರವಾಗಿಸುತ್ತದೆ. ಮಳೆಗಾಲ ಕಳೆದ ಮೇಲೆ ಒಳಗೆ ಉಳಿದ ತೇವದಿಂದಲೇ ಬಿಳಿಜೋಳ ಬೆಳೆದು ನಿಲ್ಲುತ್ತದೆ. ಬಿರುಕಿಗೆ ಉರುಳಿದ ಗೋಲಿಯನ್ನು ಕಡ್ಡಿ ಹಾಕಿ ತಡಕಿದ್ದು, ಅದು ಸಿಗುವ ಮೊದಲೇ ಮಳೆ ಬಂದು ನೆಲ ಕೂಡಿಕೊಂಡದ್ದು, ಇವೆಲ್ಲ ಅವನಿಗೆ ಗೊತ್ತು. ಈ ಸಲ ಅವನು ಬರೆಯಲು ಕುಳಿತಾಗ ಮೊದಲ ವಾಕ್ಯದಲ್ಲಿಯೇ ಆ ಗೋಲಿ ಕಾಣಿಸಿಕೊಂಡೀತು.